ಗಾಳ ಹಾಕಿದ್ದು ಕ್ಯಾನನ್ ಹೊಳೆಗೆ, ನೆನಪಾದದ್ದು ನಮ್ಮ ಕಯ

ಮೀನು ಒಳ್ಳೆ ಜೋರಿನದ್ದೇ ಬಿದ್ದಿತ್ತು. ಹಸಿರು ಮೈ, ಅದರ ಮೇಲೆ ಅಕ್ಕಿ ಚೆಲ್ಲಿದ ಹಾಗೆ ಬಿಳಿ ಚುಕ್ಕಿ, ಬಾತುಕೋಳಿಯ ಕೊಕ್ಕಿನಂಥ ಚಪ್ಪಟೆ ಮೂತಿ, ಬಾಯಿ ತುಂಬ ಹಲ್ಲು. ಅಜ್ಜ ಅದನ್ನು ಒದ್ದೆ ಮಾಡಿದ ಇಂಚುಪಟ್ಟಿಯ ಮೇಲೆ ಮಲಗಿಸಿದರು. ಬಾಲದ ತುದಿ ಇಪ್ಪತ್ತಮೂರೂವರೆ ಇಂಚಿಗೆ ನಿಂತಿತು. ಅಜ್ಜ ತಲೆ ಅಲ್ಲಾಡಿಸಿದರು. ಎರಡೂ ಕೈಯಲ್ಲಿ ಹಿಡಿದು ನೀರಿಗಿಳಿಸಿದರು. ಮೀನು ಒಂದು ಗಳಿಗೆ ಸುಮ್ಮನೆ ನಿಂತು, ಬಾಲ ಬಡಿದು, ಹೋಯಿತು.

ನನಗೆ ಹೊಟ್ಟೆ ಉರಿಯಿತು. ಎರಡೂವರೆ ಗಂಟೆ ಕಾದು ಹಿಡಿದ ಮೀನು ಮಾರಾಯ್ರೇ! ಸುತ್ತ ನರಪಿಳ್ಳೆ ಇಲ್ಲ. ಆ ಕಡೆ ಜೋಳದ ಹೊಲ, ಈ ಕಡೆ ಮರಗಳು. ಯಾರು ನೋಡುತ್ತಾರೆ? "ಅರ್ಧ ಇಂಚು ತಾನೇ?" ಅಂದೆ. ಮಗಳು ಇಂಗ್ಲಿಷಿಗೆ ತಿರುಗಿಸಿದಳು. ಅಜ್ಜ ನಕ್ಕು ಹೇಳಿದ್ದು ಇಷ್ಟೆ: "ಅರ್ಧ ಇಂಚು ಮೀನಿಗೆ ಸಂಬಂಧಪಟ್ಟದ್ದಲ್ಲ, ನನಗೆ ಸಂಬಂಧಪಟ್ಟದ್ದು."

ಆ ಮಾತು ಆ ದಿನ ನನಗೆ ಪೂರ್ತಿ ಅರ್ಥವಾಗಲಿಲ್ಲ. ಊರಿಗೆ ಬಂದ ಮೇಲೆ ಆಯಿತು. ಅದಕ್ಕೇ ಈ ಬರಹ.

ಕೃಷಿಕನಿಗೆ ಅಮೆರಿಕದಲ್ಲಿ ಏನು ಕೆಲಸ?

ನನ್ನದು ನಾಲ್ಕು ಎಕರೆ ಅಡಿಕೆ ತೋಟ. ಕುಮಾರಧಾರೆಗೆ ಸೇರುವ ಒಂದು ಸಣ್ಣ ಹೊಳೆಯ ಬದಿಯಲ್ಲಿ ಉಂಟು. ಮಗಳು ಅಳಿಯ ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿದ್ದಾರೆ. 2023ರ ಜೂನ್ ತಿಂಗಳಲ್ಲಿ ಅವರಲ್ಲಿಗೆ ಹೋಗಬೇಕಾಯಿತು. ಮೊದಲ ಸುತ್ತಿನ ಮದ್ದು ಬಿಡುವ ಹೊತ್ತಿಗೆ ತೋಟ ಬಿಟ್ಟು ಹೋಗುವುದೆಂದರೆ ಯಾರಿಗೂ ಸಮಾಧಾನವಿರುವುದಿಲ್ಲ. ಆ ವರ್ಷ ಮಳೆ ತಡವಾದ್ದರಿಂದ ತಮ್ಮ ಧೈರ್ಯ ಹೇಳಿ ಕಳಿಸಿದ.

ಅಲ್ಲಿ ಒಂದು ವಾರ ಕಳೆಯುವಾಗಲೇ ಕೈಕಾಲು ಜಡ್ಡುಗಟ್ಟಿತು. ನೋಡಲು ತೋಟವಿಲ್ಲ, ಬಯ್ಯಲು ಆಳುಗಳಿಲ್ಲ. ಆಗ ಅಳಿಯನ ಪರಿಚಯದ ಒಬ್ಬರು ಹಿರಿಯರು ಸಿಕ್ಕಿದರು. ಹೈನುಗಾರಿಕೆ ಮಾಡಿ ಈಗ ನಿವೃತ್ತರು, ನನಗಿಂತ ಎಂಟು ವರ್ಷ ದೊಡ್ಡವರು. ಒಂಬತ್ತು ವರ್ಷದ ಮೊಮ್ಮಗ ಅವರನ್ನು 'ಅಜ್ಜ' ಅಂದ, ನನ್ನ ಬಾಯಿಗೂ ಅದೇ ಬಂತು. "ಚಿಕ್ಕಂದಿನಲ್ಲಿ ಗಾಳ ಹಾಕುತ್ತಿದ್ದೆ" ಎಂದು ನಾನು ಹೇಳಿದ್ದೇ ತಡ, "ಹಾಗಾದರೆ ಶನಿವಾರ ಬನ್ನಿ" ಅಂದರು.

ಮೊದಲು ಚೀಟಿ ಆಗಬೇಕು. 16 ವರ್ಷ ತುಂಬಿದವರು ಗಾಳ ಹಾಕಬೇಕಾದರೆ ಸರಕಾರದ ಪರವಾನಗಿ ತೆಗೆದುಕೊಳ್ಳಬೇಕು. ಹೊರಗಿನಿಂದ ಬಂದವರಿಗೆ ಒಂದು ದಿನದ್ದು, ಮೂರು ದಿನದ್ದು, ಒಂದು ವಾರದ್ದು ಎಂದು ಬೇರೆ ಬೇರೆ ಉಂಟು. ನಾನು ವಾರದ್ದು ತೆಗೆದುಕೊಂಡೆ. ಹೊಳೆಯ ಮೀನು ಹಿಡಿಯಲು ದುಡ್ಡು ಕೊಟ್ಟದ್ದು ಜೀವನದಲ್ಲಿ ಅದೇ ಮೊದಲು.

ಹೊಳೆಯ ಪರಿಚಯ

ಹೊಳೆಯ ಹೆಸರು ಕ್ಯಾನನ್. ಹೆಸರು ಕೇಳಿದರೆ ಫಿರಂಗಿಯ ನೆನಪಾಗುತ್ತದೆ. ಫಿರಂಗಿಗೂ ಅದಕ್ಕೂ ಸಂಬಂಧವಿಲ್ಲ. ಹಿಂದೆ ಬಂದ ಫ್ರೆಂಚರು ಅದನ್ನು 'ದೋಣಿಗಳ ಹೊಳೆ' ಎಂಬರ್ಥದಲ್ಲಿ ಕರೆದಿದ್ದರಂತೆ. ಅವರ ಮಾತಿನ 'ಕಾನೋ' ಇಂಗ್ಲಿಷರ ಬಾಯಲ್ಲಿ ಕ್ಯಾನನ್ ಆಯಿತು. ಮಿನಿಯಾಪೊಲಿಸ್ ನಗರದಿಂದ ದಕ್ಷಿಣಕ್ಕೆ ಸುಮಾರು 40 ಮೈಲು ಹೋದರೆ ನಾರ್ತ್‌ಫೀಲ್ಡ್ ಎಂಬ ಊರು ಸಿಗುತ್ತದೆ. ಊರ ನಡುವೆಯೇ ಹೊಳೆ, ಅದಕ್ಕೆ ಅಡ್ಡವಾಗಿ ಹಳೆಯ ಹಿಟ್ಟಿನ ಗಿರಣಿಯ ಅಣೆಕಟ್ಟು. ಅಲ್ಲಿಂದ ಕೆಳಗೆ ಹರಿದು ರೆಡ್ ವಿಂಗ್ ಎಂಬಲ್ಲಿ ಮಿಸಿಸಿಪ್ಪಿಗೆ ಸೇರುತ್ತದೆ. ಎರಡೂ ಬದಿಯಲ್ಲಿ ಕಣ್ಣು ಮುಟ್ಟುವಷ್ಟು ದೂರ ಮುಸುಕಿನ ಜೋಳ ಮತ್ತು ಸೋಯಾ.

ನಮ್ಮ ಹೊಳೆಯ ಹಾಗೆ ಬಂಡೆಗಲ್ಲಿನ ಆರ್ಭಟ ಅಲ್ಲಿಲ್ಲ. ನುರಿಗಲ್ಲು, ಮರಳು, ಅಲ್ಲಲ್ಲಿ ಗುಂಡುಕಲ್ಲು. ಆ ವರ್ಷ ಅಲ್ಲಿಯೂ ಬರ. ಎಷ್ಟೋ ಕಡೆ ನೀರು ಮೊಣಕಾಲಿಗಿಂತ ಮೇಲಿರಲಿಲ್ಲ.

ಎರಡು ಮೀನು, ಎರಡು ಸ್ವಭಾವ

ನಾವು ಹೋದದ್ದು ಎರಡು ಜಾತಿಯ ಮೀನಿಗೆ. ಒಂದು ಸ್ಮಾಲ್‌ಮೌತ್ ಬಾಸ್, ಇನ್ನೊಂದು ಪೈಕ್. ಎರಡೂ ಬೇರೆ ಮೀನು ತಿಂದು ಬದುಕುವಂಥವು. ಆದರೆ ಸ್ವಭಾವಕ್ಕೆ ಅಜಗಜಾಂತರ.

ಬಾಸ್ ಮೀನಿನದ್ದು ತಾಮ್ರದ ಬಣ್ಣ, ಪಕ್ಕದಲ್ಲಿ ಉದ್ದುದ್ದ ಪಟ್ಟೆ, ಕೆಂಪು ಕಣ್ಣು. ಅದಕ್ಕೆ ಕಲ್ಲು ಬೇಕು, ಹರಿಯುವ ನೀರು ಬೇಕು. ಆದರೆ ಹರಿವಿನ ನಡುವೆ ನಿಂತು ಒದ್ದಾಡುವ ದಡ್ಡ ಅದಲ್ಲ. ದೊಡ್ಡ ಕಲ್ಲಿನ ಹಿಂದೆ ನೀರು ತಣ್ಣಗೆ ತಿರುಗುವ ಜಾಗ ಇರುತ್ತದಲ್ಲ, ಅಲ್ಲಿ ನಿಂತುಕೊಂಡು, ಪಕ್ಕದ ಓಟದ ನೀರಿನಲ್ಲಿ ತೇಲಿ ಬರುವ ತಿನಿಸಿಗೆ ಬಾಯಿ ಹಾಕುತ್ತದೆ. ಸಿಗಡಿಯ ದೊಡ್ಡಣ್ಣನಂಥ, ಇಕ್ಕುಳ ಇರುವ ಒಂದು ಪ್ರಾಣಿ ಅಲ್ಲಿನ ಕಲ್ಲುಗಳ ಅಡಿಯಲ್ಲಿರುತ್ತದೆ. ಅದೆಂದರೆ ಬಾಸಿಗೆ ಪ್ರಾಣ.

ಪೈಕ್ ಹಾಗಲ್ಲ. ಅದಕ್ಕೆ ನಿಂತ ನೀರು, ನೀರಕಳೆ, ಬಿದ್ದ ಮರ ಬೇಕು. ಕಳೆಯ ಅಂಚಿನಲ್ಲಿ ಕೊರಡಿನ ಹಾಗೆ ಅಲ್ಲಾಡದೆ ನಿಂತಿರುತ್ತದೆ. ಎದುರಿಗೆ ಮೀನು ಬಂದರೆ ಬಾಣ ಬಿಟ್ಟ ಹಾಗೆ ನುಗ್ಗುತ್ತದೆ. ನೀರು ತಣ್ಣಗಿದ್ದಷ್ಟೂ ಅದಕ್ಕೆ ಹಿತ. ಬೇಸಿಗೆ ಏರಿದಾಗ ಸಣ್ಣ ತೊರೆಯ ತಣ್ಣೀರು ಹೊಳೆಗೆ ಸೇರುವ ಮೂಲೆಯಲ್ಲಿ ಹುಡುಕಬೇಕು.

ವಂಶ ಬೆಳೆಸುವ ಕ್ರಮವೂ ಬೇರೆ. ಪೈಕ್ ಮಂಜುಗಡ್ಡೆ ಕರಗಿದ ಕೂಡಲೇ, ನೆರೆ ನೀರು ಏರಿ ಮುಳುಗಿದ ಹುಲ್ಲಿಗೆ ಬಂದು ಮೊಟ್ಟೆ ಇಡುತ್ತದೆ. ಮೊಟ್ಟೆ ಹುಲ್ಲಿಗೆ ಅಂಟಿಕೊಳ್ಳುತ್ತದೆ. ಇಟ್ಟದ್ದೇ, ತಾಯಿ ತಂದೆ ತಿರುಗಿ ನೋಡುವುದಿಲ್ಲ. ಬಾಸ್ ಹಾಗಲ್ಲ, ಅಲ್ಲಿ ಅಪ್ಪನದ್ದೇ ಕೆಲಸ. ನೀರು ಬೆಚ್ಚಗಾದ ಮೇಲೆ ಗಂಡು ಬಾಲದಿಂದ ನುರಿಗಲ್ಲು ಗುಡಿಸಿ ಬಟ್ಟಲಿನಂಥ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಅದೇ ಕಾವಲು. ಆ ಗಂಡನ್ನು ಯಾರಾದರೂ ಹಿಡಿದುಕೊಂಡು ಹೋದರೆ ಉಳಿದ ಮೀನುಗಳು ಬಂದು ಗೂಡು ಖಾಲಿ ಮಾಡುತ್ತವೆ.

ಇದನ್ನು ಕೇಳುವಾಗ ನನಗೆ ನೆನಪಾದದ್ದು ನಮ್ಮ ತೋಡುಗಳ ಹಾವಿನ ತಲೆಯ ಮೀನು. ಕೆಂಪು ಮರಿಗಳ ಹಿಂಡನ್ನು ಮುಂದಿಟ್ಟುಕೊಂಡು ಕಾಯುತ್ತ ತಿರುಗುವುದನ್ನು ನೀವೂ ಕಂಡಿರಬಹುದು. ಪೈಕಿನ ಕತೆ ಕೇಳುವಾಗ ಮುಂಗಾರಿನ ಮೊದಲ ನೆರೆಗೆ ಗದ್ದೆಗೆ ಹತ್ತಿ ಬರುವ ನಮ್ಮ 'ಉಬರ್' ಮೀನು. ದೇಶ ಬೇರೆ, ಚಳಿ ಬೇರೆ. ಮೀನಿನ ಲೆಕ್ಕಾಚಾರ ಒಂದೇ. ನೀರು ಏರಿದಾಗ ದಡದ ಹುಲ್ಲಿಗೆ ಬರಬೇಕು, ಅಲ್ಲಿ ಹುಲ್ಲು ಇರಬೇಕು.

ದಡದಿಂದ ಗಾಳ

ಮೊದಲ ದಿನ ದಡದಿಂದಲೇ ಹಾಕಿದೆವು. ನಾನು ಬಿದಿರಿನ ಕೋಲು, ಬೆಂಡು, ಎರೆಹುಳದ ಕಾಲದವನು. ಅಲ್ಲಿ ಕೈಗೆ ಸಿಕ್ಕಿದ್ದು ಆರೂವರೆ ಅಡಿಯ ಬಾಗುವ ಕೋಲು, ಅದಕ್ಕೆ ರೀಲು. ತುದಿಗೆ ಮೆತ್ತಗಿನ ರಬ್ಬರಿನ ಹುಸಿ ಎರೆ, ಕಂದು ಬಣ್ಣದ್ದು. ಒಳಗೆ ಸೀಸದ ಸಣ್ಣ ತಲೆ ಇರುವ ಒಂದೇ ಗಾಳ.

ಅಜ್ಜ ಹೇಳಿಕೊಟ್ಟ ಪಾಠ ಹೀಗೆ: ಹೊಳೆಗೆ ಬಂದ ಕೂಡಲೇ ಗಾಳ ಬೀಸಬೇಡಿ. ಐದು ನಿಮಿಷ ನೀರು ನೋಡಿ. ಓಟದ ನೀರು ಎಲ್ಲಿ, ನಿಂತ ನೀರು ಎಲ್ಲಿ, ಎರಡರ ನಡುವಿನ ಗೆರೆ ಎಲ್ಲಿ? ಆ ಗೆರೆಯಲ್ಲಿ ಮೀನು. ನೆರಳು ನೀರಿಗೆ ಬೀಳದ ಹಾಗೆ ನಿಲ್ಲಿ. ಹರಿವಿನ ಮೇಲ್ಬದಿಗೆ ಓರೆಯಾಗಿ ಬೀಸಿ, ಎರೆ ತನ್ನಷ್ಟಕ್ಕೆ ಕಲ್ಲಿಗೆ ತಾಗುತ್ತ ಕೆಳಗೆ ಉರುಳಿ ಬರಲಿ. ನೂಲು ಸಡಿಲ ಬಿಡಬೇಡಿ, ಎಳೆಯಲೂ ಬೇಡಿ. ಕಲ್ಲಿಗೆ ತಾಗಿದರೆ 'ಟಕ್', ಮೀನು ಮುಟ್ಟಿದರೆ 'ಟಕ್ ಟಕ್'.

ಮೊದಲ ಗಂಟೆಯಲ್ಲಿ ನಾನು ಹಿಡಿದದ್ದು ಬರೀ ಕಲ್ಲು ಮತ್ತು ಕೊಂಬೆ. ನಾಲ್ಕು ಎರೆ ಹೊಳೆಗೆ ಅರ್ಪಣೆ. ಮೊಮ್ಮಗ ನನಗಿಂತ ಮೊದಲು ಒಂದು ಬಾಸ್ ಹಿಡಿದ. ಹನ್ನೊಂದು ಇಂಚಿನದ್ದು, ಮೂರು ಸಲ ನೀರಿನಿಂದ ಮೇಲಕ್ಕೆ ಹಾರಿತು. ಅವನ ಮುಖ ನೋಡಬೇಕಿತ್ತು.

ಪೈಕಿಗೆ ತಯಾರಿ ಬೇರೆ. ಅದರ ಹಲ್ಲು ನೈಲಾನ್ ನೂಲನ್ನು ಬ್ಲೇಡಿನ ಹಾಗೆ ಕತ್ತರಿಸುತ್ತದೆ. ಹಾಗಾಗಿ ಗಾಳಕ್ಕೂ ನೂಲಿಗೂ ನಡುವೆ ಸುಮಾರು ಒಂದಡಿ ಉಕ್ಕಿನ ತಂತಿ ಕಟ್ಟುತ್ತಾರೆ. ತಿರುಗುವ ತಗಡಿನ ಎರೆ ಕಳೆಯ ಅಂಚಿಗೆ ಬೀಸಿ, ನಿಧಾನ ಎಳೆದು, ನಡುವೆ ಒಮ್ಮೆ ನಿಲ್ಲಿಸಬೇಕು. ನಿಲ್ಲಿಸಿದಾಗಲೇ ಅದು ನುಗ್ಗುವುದು. ಗಾಳ ಬಿಡಿಸಲು ಉದ್ದ ಮೂತಿಯ ಇಕ್ಕಳ ಇಲ್ಲದೆ ಕೈ ಹಾಕುವುದು ಬೇಡ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟರೆ ಬಿಡಿಸುವುದು ಸುಲಭ, ಮೀನಿಗೂ ಗಾಯ ಕಡಿಮೆ.

ಕಯಾಕಿನಲ್ಲಿ ಕುಳಿತು

ಎರಡನೇ ಸಲ ಕಯಾಕಿನಲ್ಲಿ ಹೋದೆವು. ಒಬ್ಬರೇ ಕೂರುವ, ಹಗುರವಾದ ಪ್ಲಾಸ್ಟಿಕ್ ದೋಣಿ. ಎರಡು ತುದಿಯಲ್ಲೂ ಅಲಗು ಇರುವ ಒಂದೇ ಹುಟ್ಟು. ಹತ್ತಡಿಗಿಂತ ಉದ್ದವಾದರೆ ನಮ್ಮ ಬೈಕಿನ ಹಾಗೆ ಅದಕ್ಕೂ ನೋಂದಣಿ ನಂಬರು ಬೇಕು. ಒಬ್ಬೊಬ್ಬರಿಗೆ ಒಂದೊಂದು ತೇಲುವ ಅಂಗಿ ದೋಣಿಯಲ್ಲಿ ಇರಲೇಬೇಕು. ಹತ್ತು ವರ್ಷದೊಳಗಿನ ಮಕ್ಕಳು ಅದನ್ನು ಹಾಕಿಕೊಂಡೇ ಇರಬೇಕು. ಅಜ್ಜ ನಮ್ಮೆಲ್ಲರಿಗೂ ತೊಡಿಸಿದರು. "ಈಜು ಬರುತ್ತದೆ" ಅಂದೆ. "ಈಜು ಬರುವವರೇ ಸಾಯುವುದು" ಅಂದರು.

ಕಯಾಕಿನ ಲಾಭವೇನೆಂದರೆ, ದಡದಿಂದ ಕಾಲು ಹಾಕಲಾಗದ ಜಾಗಕ್ಕೆ ಸದ್ದಿಲ್ಲದೆ ಹೋಗಬಹುದು. ಅರ್ಧ ಅಡಿ ನೀರಿದ್ದರೂ ಸಾಕು. ನೀರಿನ ಮಟ್ಟದಲ್ಲೇ ಕೂತಿರುವುದರಿಂದ ಮೀನು ಹೆದರುವುದು ಕಡಿಮೆ. ಒಳ್ಳೆ ಮೀನು ಸಿಕ್ಕಿದರೆ ಅದೇ ದೋಣಿಯನ್ನು ಎಳೆದುಕೊಂಡು ಹೋಗುತ್ತದೆ. ಆ ಅನುಭವ ಬೇರೆಯೇ.

ಅಪಾಯವೂ ಉಂಟು. ಲಂಗರನ್ನು ದೋಣಿಯ ಪಕ್ಕಕ್ಕೆ ಕಟ್ಟಬಾರದು. ಓಟದ ನೀರು ಅಡ್ಡಲಾಗಿ ತಳ್ಳಿ ಮಗುಚಿ ಹಾಕುತ್ತದೆ. ಕಟ್ಟುವುದಾದರೆ ತುದಿಗೇ ಕಟ್ಟಬೇಕು, ಗಳಿಗೆಯಲ್ಲಿ ಬಿಚ್ಚುವಂತಿರಬೇಕು. ಇನ್ನೊಂದು, ತಗ್ಗಿನ ಅಣೆಕಟ್ಟಿನ ಹತ್ತಿರ ಸುಳಿಯಲೇ ಕೂಡದು. ನೋಡಲಿಕ್ಕೆ ಆಳೆತ್ತರ ಇರುವುದಿಲ್ಲ, ನೀರು ಚಾದರದ ಹಾಗೆ ಬೀಳುತ್ತದೆ. ಆದರೆ ಬಿದ್ದ ನೀರು ಅಡಿಯಲ್ಲಿ ಸುತ್ತಿ ಮತ್ತೆ ಕಟ್ಟೆಯ ಕಡೆಗೇ ಎಳೆಯುತ್ತದೆ. ಒಳಗೆ ಸಿಕ್ಕಿದವನನ್ನು ಬಿಡುವುದಿಲ್ಲ. ನಮ್ಮ ಕಿಂಡಿ ಅಣೆಕಟ್ಟುಗಳ ಕೆಳಗೆ ಮಳೆಗಾಲದಲ್ಲಿ ಹುಡುಗರು ಈಜಲಿಳಿಯುತ್ತಾರಲ್ಲ, ಅವರಿಗೆ ಇದನ್ನು ಹೇಳಿ.

ಅರ್ಧ ಇಂಚಿನ ಲೆಕ್ಕ

ಈಗ ಆ ಇಪ್ಪತ್ತಮೂರೂವರೆ ಇಂಚಿನ ಮೀನಿಗೆ ಬರೋಣ.

ಮಿನ್ನೆಸೋಟಾದಲ್ಲಿ 2018ರಿಂದ ಪೈಕಿಗೆ ಮೂರು ವಲಯ ಮಾಡಿದ್ದಾರೆ. ದಕ್ಷಿಣದಲ್ಲಿ ಮೀನು ಕಡಿಮೆ, ಆದರೆ ಬೇಗ ಬೆಳೆಯುತ್ತದೆ. ಹಾಗಾಗಿ ಎರಡೇ ಮೀನು ಇಟ್ಟುಕೊಳ್ಳಬಹುದು, ಅದೂ 24 ಇಂಚು ಆದದ್ದು. ಉತ್ತರದ ನಡುಭಾಗದಲ್ಲಿ ಸಣ್ಣ ಮೀನಿನ ಸಂತೆ. ಅಲ್ಲಿ ಹತ್ತು ಇಟ್ಟುಕೊಳ್ಳಬಹುದು. ಆದರೆ 22ರಿಂದ 26 ಇಂಚಿನದ್ದನ್ನು ಬಿಡಬೇಕು, 26ಕ್ಕೆ ಮೀರಿದ್ದು ಎರಡೇ. ಈಶಾನ್ಯದಲ್ಲಿ ದೊಡ್ಡ ಮೀನು ಉಳಿದಿದೆ. ಅಲ್ಲಿ ಎರಡೇ, 30ರಿಂದ 40 ಇಂಚಿನದ್ದನ್ನು ಮುಟ್ಟುವ ಹಾಗಿಲ್ಲ. ಒಂದೇ ಮೀನು, ಒಂದೇ ರಾಜ್ಯ, ಮೂರು ಲೆಕ್ಕ. ಗುಡ್ಡದ ತೋಟಕ್ಕೂ ಬಯಲಿನ ತೋಟಕ್ಕೂ ಒಂದೇ ಗೊಬ್ಬರ ಹೇಳುವ ನಮ್ಮ ಕಡೆಯ ಶಿಫಾರಸುಗಳು ನೆನಪಾದವು!

ಬಾಸ್ ಅಂತೂ ತೀರಾ ನಿಧಾನ. ಆ ಚಳಿಯ ನಾಡಿನಲ್ಲಿ ಅದು ಒಂದಡಿ ಬೆಳೆಯಲು ಹಲವು ವರ್ಷ ಬೇಕು. ಒಂದೂವರೆ ಅಡಿಯದ್ದಾದರೆ ಎಂಟು ಹತ್ತು ವರ್ಷದ ಜೀವ. ನಮಗೆ ಇದು ಅರ್ಥವಾಗದ ವಿಷಯವಲ್ಲ. ಅಡಿಕೆ ಸಸಿ ನೆಟ್ಟು ಹಿಂಗಾರ ಕಾಣಲು ಐದಾರು ವರ್ಷ ಕಾಯುವವರು ನಾವು. ಫಸಲಿಗೆ ಬಂದ ಮರವನ್ನು ಯಾರಾದರೂ ಕಡಿದರೆ ಹೇಗಾಗುತ್ತದೆ? ಹೊಳೆಯಲ್ಲಿ ದೊಡ್ಡ ಮೀನು ತೆಗೆದಾಗ ಆಗುವುದೂ ಅದೇ. ನೆಟ್ಟವರು ನಾವಲ್ಲದ್ದರಿಂದ ನೋವಾಗುವುದಿಲ್ಲ, ಅಷ್ಟೆ.

ಹೊಳೆಗೆ ಬಿಟ್ಟ ಐವತ್ತು ಅಡಿ

ಕಯಾಕಿನಲ್ಲಿ ಬರುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಜೋಳದ ಹೊಲ ಎಲ್ಲಿಯೂ ನೀರಿನವರೆಗೆ ಬರುತ್ತಿರಲಿಲ್ಲ. ನಡುವೆ ಹುಲ್ಲಿನ ಪಟ್ಟಿ ಅಥವಾ ಮರಗಳು. ಕೇಳಿದೆ. ಅದು ಕಾನೂನಂತೆ. 2015ರಲ್ಲಿ ಬಂತು. ಹೊಳೆ, ಕೆರೆಗಳ ಬದಿಯಲ್ಲಿ ಸರಾಸರಿ 50 ಅಡಿ, ಎಲ್ಲಿಯೂ 30ಕ್ಕೆ ಕಡಿಮೆಯಾಗದಂತೆ, ಉಳುಮೆ ಮಾಡದೆ ಹುಲ್ಲೋ ಮರವೋ ಬಿಡಬೇಕು. ಸಾರ್ವಜನಿಕ ಕಾಲುವೆಗಳಿಗೆ ಹದಿನಾರೂವರೆ ಅಡಿ.

"ರೈತರು ಒಪ್ಪಿದರಾ?" ಎಂದು ಕೇಳಿದೆ. ಅಜ್ಜ ಹುಟ್ಟು ಹಾಕುವುದನ್ನು ನಿಲ್ಲಿಸಿ ನಕ್ಕರು. ಒಪ್ಪುವುದುಂಟೇ! ಲೆಕ್ಕ ಹಾಕಿ ನೋಡಿ. ಹೊಳೆ ಬದಿಯಲ್ಲಿ 870 ಅಡಿ ಉದ್ದದ ಜಾಗ ಇದ್ದವನಿಗೆ 50 ಅಡಿ ಬಿಟ್ಟರೆ ಒಂದು ಎಕರೆ ಹೋಯಿತು. ದೊಡ್ಡ ಗಲಾಟೆಯೇ ಆಗಿತ್ತಂತೆ. ಆ ಪಟ್ಟಿಯ ಹುಲ್ಲು ಕೊಯ್ಯಬಹುದು, ದನ ಮೇಯಿಸಬಹುದು, ಉಳುವ ಹಾಗಿಲ್ಲ. ಅಜ್ಜನ ಮಗ ಈಗಲೂ ಗೊಣಗುತ್ತಾನೆ, ಆದರೆ ಬಿಟ್ಟಿದ್ದಾನೆ. ಮಣ್ಣು ಹೊಳೆಗೆ ಹೋಗುವುದು ನಿಂತಿದೆ, ದಡ ಕುಸಿಯುವುದು ಕಡಿಮೆಯಾಗಿದೆ ಎನ್ನುತ್ತಾರೆ ಅಜ್ಜ. ಹೊಳೆ ಏರಿದಾಗ ಪೈಕಿಗೆ ಮೊಟ್ಟೆ ಇಡಲು ಹುಲ್ಲೂ ಆಯಿತು.

ಅಮೆರಿಕವೆಂದರೆ ಎಲ್ಲ ಸರಿ ಉಂಟು ಎಂದು ನಾನು ಹೇಳುತ್ತಿಲ್ಲ. ಅದೇ ರಾಜ್ಯದ ಆಗ್ನೇಯ ಮೂಲೆಯ ರಷ್ ಕ್ರೀಕ್ ಎಂಬ ತೊರೆಯಲ್ಲಿ 2022ರ ಜುಲೈ ತಿಂಗಳಲ್ಲಿ ಸುಮಾರು 2,500 ಮೀನು ಸತ್ತು ತೇಲಿದವು. ಹೊಲಕ್ಕೆ ಹಾಕಿದ ಸಗಣಿ ಗೊಬ್ಬರ, ಕೀಟನಾಶಕ ಎಲ್ಲ ಜೋರು ಮಳೆಗೆ ತೊಳೆದು ಬಂದದ್ದೇ ಕಾರಣವಿರಬೇಕೆಂದು ತನಿಖೆ ಮಾಡಿದವರು ಹೇಳಿದರು. ಎಲ್ಲಿಯಾದರೂ ಹೊಳೆಯ ಕೊರಳು ರೈತನ ಕೈಯಲ್ಲೇ ಇರುವುದು.

ನಮ್ಮ ಕಯ

ಆ ಮಾತು ಬಂದಾಗ ನಾನು ಸುಮ್ಮನಾದೆ. ಯಾಕೆಂದು ಅಜ್ಜ ಕೇಳಿದರು. ಮೂವತ್ತು ವರ್ಷದಿಂದ ಯಾರಿಗೂ ಹೇಳದ್ದನ್ನು ಅಲ್ಲಿ, ಆ ಪರದೇಶಿ ಹೊಳೆಯ ನಡುವೆ ಹೇಳಿದೆ. ಮಗಳು ತರ್ಜುಮೆ ಮಾಡುತ್ತ ನನ್ನ ಮುಖ ನೋಡಿದಳು. ಅವಳಿಗೂ ಗೊತ್ತಿರಲಿಲ್ಲ.

ನಮ್ಮ ತೋಟದ ಕೆಳಗೆ ಹೊಳೆಯಲ್ಲಿ ಒಂದು ಕಯ ಉಂಟು. ಎರಡಾಳು ಆಳ. ಬೇಸಿಗೆಯಲ್ಲಿ ಹೊಳೆ ಬತ್ತಿದರೂ ಕಯ ಬತ್ತುತ್ತಿರಲಿಲ್ಲ. ನಮ್ಮ ಪಂಪು ಅದರಲ್ಲೇ. ಚಿಕ್ಕಂದಿನಲ್ಲಿ ಮೇಲಿನ ಬಂಡೆಯಲ್ಲಿ ಮಲಗಿ ನೋಡಿದರೆ ತೋಳುದ್ದದ ಮೀನುಗಳು ಸಾಲಾಗಿ ಹೋಗುವುದು ಕಾಣುತ್ತಿತ್ತು. 1991ರ ಏಪ್ರಿಲಿನಲ್ಲಿ ಒಂದು ಸಂಜೆ ಅಕ್ಕಪಕ್ಕದ ಕೆಲವು ಹುಡುಗರು ಬಂದರು. "ಅಣ್ಣ, ಎರಡು ಕಿಲೋ ಮೈಲುತುತ್ತು ಉಂಟಾ?" ಅಂದರು. ಯಾವುದಕ್ಕೆಂದು ನನಗೆ ಗೊತ್ತಿತ್ತು. ಕೊಟ್ಟೆ. ಪಾಲು ಬರುತ್ತದೆಂಬ ಆಸೆಯೂ ಇತ್ತು.

ಬೆಳಗ್ಗೆ ಕಯದ ಮೇಲೆ ಬರೀ ಬಿಳಿ ಹೊಟ್ಟೆಗಳು. ದೊಡ್ಡ ಮೀನು ಇಪ್ಪತ್ತೋ ಮೂವತ್ತೋ ಇರಬಹುದು. ಬೆರಳುದ್ದದ ಮರಿಗಳಿಗೆ ಲೆಕ್ಕವಿಲ್ಲ. ಹಾವುಮೀನು, ಏಡಿ, ಸಿಗಡಿ, ಕಪ್ಪೆ, ಎಲ್ಲ. ಎರಡು ಬುಟ್ಟಿ ಹೆಕ್ಕಿದರು, ಉಳಿದದ್ದು ಅಲ್ಲೇ ಕೊಳೆಯಿತು. ಒಂದು ವಾರ ಪಂಪಿನ ನೀರು ನಾರುತ್ತಿತ್ತು. ದನಗಳು ಹೊಳೆಗಿಳಿಯಲಿಲ್ಲ. ಪಾಲಿಗೆ ಬಂದ ಮೀನಿಗೆ ಅಮ್ಮ ಮಸಾಲೆ ಅರೆಯಲಿಲ್ಲ. "ಕಯ ಸತ್ತ ದಿನ ಸಾರು ಮಾಡುವುದಾ?" ಅಂದು ಎತ್ತಿ ತೆಂಗಿನ ಬುಡಕ್ಕೆ ಹಾಕಿದರು. ಆಮೇಲೆ ಆ ಕಯದಲ್ಲಿ ತೋಳುದ್ದದ ಮೀನು ನಾನು ಕಂಡಿಲ್ಲ.

ಕೇಳಿದ ಅಜ್ಜ ಬಯ್ಯಲಿಲ್ಲ. ತಮ್ಮದನ್ನು ಹೇಳಿದರು. ಅವರ ಹಟ್ಟಿಯ ಗಂಜಲ, ಹಾಲಿನ ಕೋಣೆ ತೊಳೆದ ನೀರು ಎಲ್ಲ ವರ್ಷಗಟ್ಟಲೆ ನೇರ ತೊರೆಗೇ ಹೋಗುತ್ತಿತ್ತಂತೆ. "ನಾವು ಯಾರೂ ಕೆಟ್ಟವರಾಗಿರಲಿಲ್ಲ, ತೊರೆ ಯಾರದ್ದೂ ಅಲ್ಲ ಅಂದುಕೊಂಡಿದ್ದೆವು" ಅಂದರು.

ಹೊಳೆಗೆ ವಿಷ ಹಾಕುವುದು, ತೋಟೆ ಸಿಡಿಸುವುದು ನಮ್ಮಲ್ಲಿ 1897ರಲ್ಲೇ ಕಾನೂನಿನಿಂದ ನಿಷೇಧವಾಗಿದೆ. ಆದರೂ 1996ರಲ್ಲಿ ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ, ದೇವರ ಮೀನು ಎಂದು ಜನ ಅಕ್ಕಿ ಹಾಕಿ ಸಾಕಿದ ಮೀನುಗಳೇ ವಿಷಕ್ಕೆ ಸಾವಿರಾರು ಸಂಖ್ಯೆಯಲ್ಲಿ ಸತ್ತವು. ದೇವರ ಭಯ ತಡೆಯದ್ದನ್ನು ಕಾನೂನು ಎಷ್ಟು ತಡೆದೀತು? ದಡದಲ್ಲಿ ಇರುವವರು ನಾವು. ನಮ್ಮ ಕೊಟ್ಟಿಗೆಯ ಮೈಲುತುತ್ತು ಹೊರಗೆ ಹೋಗದಿದ್ದರೆ ಅರ್ಧ ಕೆಲಸ ಆಯಿತು.

ಈಗ ಮಾಡುತ್ತಿರುವುದು

ಊರಿಗೆ ಬಂದ ಮೇಲೆ ಒಂದೊಂದಾಗಿ ಬದಲಾವಣೆ ಮಾಡಿದ್ದೇನೆ. ದೊಡ್ಡ ಖರ್ಚಿನದ್ದು ಯಾವುದೂ ಇಲ್ಲ.

1. ಮೈಲುತುತ್ತಿನ ಚೀಲಕ್ಕೆ ಬೀಗ. ಎಷ್ಟು ಬಂತು, ಎಷ್ಟು ಹೋಯಿತು ಎಂದು ಪುಸ್ತಕದಲ್ಲಿ ಬರೆಯುತ್ತೇನೆ. ಕೇಳಿದವರಿಗೆ ಕೊಡುವುದಿಲ್ಲ.

2. ಬೋರ್ಡೋ ಕಲಸಿದ ಡ್ರಮ್, ಪಂಪು, ಪೈಪು ಹೊಳೆಯಲ್ಲಿ ತೊಳೆಯುವುದಿಲ್ಲ. 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ನಮ್ಮೆಲ್ಲರ ಲೆಕ್ಕ. ತಾಮ್ರ ಸ್ವಲ್ಪವಿದ್ದರೂ ಮೀನಿನ ಕಿವಿರಿಗೆ ಕುತ್ತು. ಸುಣ್ಣ ಸೇರದ ಬರೀ ಮೈಲುತುತ್ತಿನ ನೀರಂತೂ ಇನ್ನೂ ಘೋರ. ನಮ್ಮ ಘಟ್ಟದ ಹೊಳೆಗಳ ಮೆದು ನೀರಿನಲ್ಲಿ ಅದರ ವಿಷ ಹೆಚ್ಚು ತಾಗುತ್ತದೆ. ತೋಟದ ಮೇಲಿನ ಮೂಲೆಯಲ್ಲಿ ಒಂದು ಜಾಗ ಮಾಡಿದ್ದೇನೆ. ತೊಳೆದ ನೀರನ್ನು ಮುಂದಿನ ಡ್ರಮ್ ಕಲಸಲು ಬಳಸುತ್ತೇವೆ.

3. ಪಂಪಿನ ಫುಟ್‌ವಾಲ್ವನ್ನು ಕಯದ ತಳದಿಂದ ಮೇಲೆತ್ತಿ ಕಟ್ಟಿದ್ದೇನೆ. ಏಪ್ರಿಲಿನಲ್ಲಿ ನೀರು ಸೊಂಟದ ಮಟ್ಟಕ್ಕೆ ಬಂದರೆ ಪಂಪು ತನ್ನಷ್ಟಕ್ಕೆ ಗಾಳಿ ಎಳೆಯುತ್ತದೆ. ಉಳಿದ ನೀರು ಮೀನಿನದ್ದು. ಮೊದಲ ವರ್ಷ ಎರಡು ವಾರ ಸ್ಪ್ರಿಂಕ್ಲರ್ ಬಿಟ್ಟು ಬುಡಕ್ಕೆ ಹನಿ ಬಿಟ್ಟು ಸುಧಾರಿಸಿದೆ. ಈಗ ಸೊಪ್ಪಿನ ಮುಚ್ಚಿಗೆ ದಪ್ಪ ಮಾಡಿದ್ದೇನೆ.

4. ಹೊಳೆ ಬದಿಯ ಹತ್ತಡಿ ಕತ್ತಿ ತಾಗಿಸುವುದಿಲ್ಲ. 50 ಅಡಿ ಬಿಟ್ಟರೆ ನನಗೆ ತೋಟವೇ ಉಳಿಯುವುದಿಲ್ಲ! ಆದರೆ ಹೊಳೆಮತ್ತಿ, ಹೊಂಗೆ, ಕೇದಗೆ ತಾವಾಗಿ ಎದ್ದಿವೆ. 2024ರ ನೆರೆಗೆ ಆ ಭಾಗದ ದಡ ಕುಸಿಯಲಿಲ್ಲ, ಬೋಳಾಗಿದ್ದ ಪಕ್ಕದ ಭಾಗದಲ್ಲಿ ಆರು ಅಡಿಕೆ ಮರ ಹೋಯಿತು. ಇದು ನನ್ನ ಒಂದು ವರ್ಷದ ಅನುಭವ ಮಾತ್ರ.

5. ಉಬರ್ ಮೀನು ಹತ್ತುವಾಗ ತೋಡಿಗೆ ಅಡ್ಡ ಬಲೆ ಕಟ್ಟುವುದಿಲ್ಲ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನು ಅದು. ಹಿಡಿಯುವುದೇ ಆದರೆ ಮಳೆಗಾಲ ಕಳೆದ ಮೇಲೆ ಗಾಳ ಹಾಕೋಣ.

ಇದರಲ್ಲಿ ಕಷ್ಟವಾದದ್ದು ಮೂರನೆಯದ್ದು. ಕಯದಿಂದ ನೀರೆತ್ತುವುದು ನಾನೊಬ್ಬನೇ ಅಲ್ಲ, ನಾಲ್ಕು ಮನೆಯವರು. ನಾನೊಬ್ಬ ನಿಲ್ಲಿಸಿದರೆ ಉಳಿದ ಮೂವರಿಗೆ ನೀರು ಜಾಸ್ತಿ ಸಿಕ್ಕಿತು, ಅಷ್ಟೆ. ಇಬ್ಬರು ಒಪ್ಪಿದರು. ಒಬ್ಬರು "ನಿನ್ನ ಮೀನಿಗೆ ನನ್ನ ಅಡಿಕೆ ಒಣಗಿಸಬೇಕಾ?" ಎಂದು ಕೇಳಿದರು. ಅವರ ಪ್ರಶ್ನೆ ತಪ್ಪೆಂದು ಹೇಳಲಾರೆ. ಅವರ ತೋಟ ಮೇಲಿದೆ, ಬೇರೆ ನೀರಿಲ್ಲ. ಈ ಬೇಸಿಗೆಗೆ ಮೊದಲು ಎಲ್ಲರೂ ಸೇರಿ ಕೆಳಗೊಂದು ಕಟ್ಟ ಹಾಕುವ ಮಾತಾಗಿದೆ. ಆಗ ಕಯದಲ್ಲಿ ಎಲ್ಲರಿಗೂ ನೀರು ನಿಂತೀತು. ಮಳೆಗೆ ಮೊದಲು ಕಟ್ಟ ಬಿಡಿಸಿ ಮೀನಿಗೆ ದಾರಿ ಮಾಡಬೇಕೆಂಬುದೂ ಮಾತಿನಲ್ಲಿ ಸೇರಿದೆ.

ಹಾಳೆಯ ಇಂಚುಪಟ್ಟಿ

ಅಜ್ಜ ಹೊರಡುವಾಗ ತಮ್ಮ ಇಂಚುಪಟ್ಟಿಯನ್ನೇ ನನಗೆ ಕೊಟ್ಟರು. ಅದನ್ನು ನೋಡಿ ನಾನು ಅಡಿಕೆ ಹಾಳೆಯ ಮೇಲೆ ಗೆರೆ ಎಳೆದು ಇನ್ನೊಂದು ಮಾಡಿದೆ. ಒದ್ದೆ ಹಾಳೆಗಿಂತ ನುಣುಪಾದ ಹಾಸು ಮೀನಿಗೆ ಬೇರೆ ಇಲ್ಲ, ಮೈಯ ಲೋಳೆ ಹೋಗುವುದಿಲ್ಲ. ನೆರೆಮನೆಯ ಹುಡುಗರು ಈಗ ಭಾನುವಾರ ಗಾಳ ತೆಗೆದುಕೊಂಡು ಬರುತ್ತಾರೆ. ನಿಯಮ ಒಂದೇ: ಒಂದು ಗೇಣು ಆಗದ ಮೀನು ಹೊಳೆಗೆ ವಾಪಸ್. ಸರಕಾರದ್ದಲ್ಲ, ನಮ್ಮ ಕಯದ ನಿಯಮ.

ಕಳೆದ ಸಲ ಒಬ್ಬ ಹುಡುಗ ಹಾಳೆಯ ಮೇಲೆ ಮೀನಿಟ್ಟು, ಬಾಲವನ್ನು ಮೆಲ್ಲಗೆ ಎಳೆದು ಗೆರೆಗೆ ಮುಟ್ಟಿಸಲು ನೋಡಿದ. ಅರ್ಧ ಬೆರಳು ಕಡಿಮೆ ಇತ್ತು. ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತು, ಅವನೇ ನೀರಿಗೆ ಬಿಟ್ಟ.

ತೋಳುದ್ದದ ಮೀನು ಇನ್ನೂ ಬಂದಿಲ್ಲ. ಬರುತ್ತದೋ ಇಲ್ಲವೋ ಗೊತ್ತಿಲ್ಲ. ಗೇಣುದ್ದದ್ದು ಕಾಣುತ್ತಿವೆ. ನಿಮ್ಮ ತೋಟದ ಕೆಳಗೂ ಒಂದು ಕಯ ಇದ್ದರೆ, ಒಂದು ಸಂಜೆ ಗಾಳ ಹಾಕಿ ಕೂತು ನೋಡಿ. ಏನು ಉಳಿದಿದೆ, ಏನು ಹೋಗಿದೆ ಎಂದು ಈ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ.